ಗೋಡೆಯೇ ಇಲ್ಲದ ಹೆಬ್ಬಾಗಿಲು: ಪ್ಯಾರಿಸ್‌ನ ಪೋರ್ಟ್ ಸಾಂ ದೆನಿ

ಪ್ಯಾರಿಸ್‌ನ ನಡುಭಾಗದಿಂದ ಸ್ವಲ್ಪ ಉತ್ತರಕ್ಕೆ, ಸಾಂ ದೆನಿ ಬೀದಿ ಮುಗಿಯುವ ಕಡೆ, ಸುಮಾರು 24 ಮೀಟರ್ ಎತ್ತರದ ಕಲ್ಲಿನ ಹೆಬ್ಬಾಗಿಲೊಂದಿದೆ. ಅದರ ಹೆಸರು ಪೋರ್ಟ್ ಸಾಂ ದೆನಿ, ಅಂದರೆ ಸಾಂ ದೆನಿ ಬಾಗಿಲು. ಸುತ್ತ ಅಂಗಡಿ, ಕಾಫಿ ಹೋಟೆಲು, ಬಸ್ಸು, ಸೈಕಲ್ಲು. ಹೆಬ್ಬಾಗಿಲಿನ ಎಡಕ್ಕೂ ಗೋಡೆ ಇಲ್ಲ, ಬಲಕ್ಕೂ ಇಲ್ಲ. ಕದ ಇಲ್ಲ, ಅಗುಳಿ ಇಲ್ಲ. ಹಿಂದೆ ಗೋಡೆ ಇದ್ದಿರಬೇಕು, ಆಮೇಲೆ ಕೆಡವಿರಬೇಕು ಅಂತ ನೋಡಿದವರಿಗೆ ಅನ್ನಿಸುವುದು ಸಹಜ. ಆದರೆ ಇಲ್ಲಿ ನಡೆದದ್ದು ಬೇರೆ. ಈಗ ನಿಂತಿರುವ ಕಟ್ಟಡ ಯಾವತ್ತೂ ಕೋಟೆಗೋಡೆಯ ಭಾಗವಾಗಿರಲಿಲ್ಲ. 1672ರಲ್ಲಿ ಇದರ ಕೆಲಸ ಶುರುವಾದಾಗ ಪ್ಯಾರಿಸ್ ತನ್ನ ಗೋಡೆಯನ್ನು ತಾನೇ ಕೆಡವುತ್ತಿತ್ತು.

ಕೋಟೆಯನ್ನು ಕೆಡವುತ್ತಾ ಅದೇ ಜಾಗದಲ್ಲಿ ಹೊಸ ಕೋಟೆಬಾಗಿಲು ಕಟ್ಟುವುದು ಯಾಕೆ? ಇದಕ್ಕೆ ಉತ್ತರ ಸಿಗಬೇಕಾದರೆ ಅಲ್ಲಿಂದಲೂ ಸುಮಾರು ಐನೂರು ವರ್ಷ ಹಿಂದಕ್ಕೆ ಹೋಗಬೇಕು.

ಮೊದಲು ಬೀದಿಯ ವಿಷಯ. ಪ್ಯಾರಿಸ್‌ನಿಂದ ಉತ್ತರಕ್ಕೆ ಹತ್ತು ಕಿಲೋಮೀಟರ್‌ಗೂ ಕಮ್ಮಿ ದೂರದಲ್ಲಿ ಸಾಂ ದೆನಿ ಎಂಬ ಊರಿದೆ. ಅಲ್ಲಿನ ಮಠದ ದೊಡ್ಡ ಚರ್ಚಿನಲ್ಲಿ ಫ್ರಾನ್ಸಿನ ಬಹುತೇಕ ರಾಜರ ಸಮಾಧಿಗಳಿವೆ. ಪಟ್ಟಾಭಿಷೇಕಕ್ಕೆ ಬೇಕಾದ ಕಿರೀಟ, ಕತ್ತಿ, ರಾಜದಂಡಗಳನ್ನೂ ಅಲ್ಲಿಯೇ ಇಡುತ್ತಿದ್ದರು. ಹೊಸ ರಾಜ ರೀಮ್ಸ್ ಊರಿನಲ್ಲಿ ಪಟ್ಟ ಕಟ್ಟಿಸಿಕೊಂಡ ಮೇಲೆ ರಾಜಧಾನಿಯನ್ನು ಪ್ರವೇಶಿಸುತ್ತಿದ್ದದ್ದು ಸಾಮಾನ್ಯವಾಗಿ ಈ ರಸ್ತೆಯಿಂದ. ಸತ್ತ ರಾಜನ ಮೆರವಣಿಗೆ ಊರು ಬಿಡುತ್ತಿದ್ದದ್ದೂ ಇದೇ ರಸ್ತೆಯಲ್ಲಿ. ಜೊತೆಗೆ ಬಟ್ಟೆ ವ್ಯಾಪಾರದಿಂದ ಶ್ರೀಮಂತವಾಗಿದ್ದ ಉತ್ತರದ ಫ್ಲಾಂಡರ್ಸ್ ಪಟ್ಟಣಗಳಿಗೆ ಹೋಗುವ ದಾರಿಯೂ ಇದೇ. ಹಣ, ಧರ್ಮ, ರಾಜಪದವಿ ಮೂರೂ ಒಂದೇ ಬೀದಿಯಲ್ಲಿ ಓಡಾಡುತ್ತಿದ್ದವು. ಹಾಗಾಗಿ ಪ್ಯಾರಿಸ್‌ಗೆ ಎಷ್ಟು ಸಲ ಗೋಡೆ ಕಟ್ಟಿದರೂ ಈ ಬೀದಿಗೆ ಒಂದು ಬಾಗಿಲು ಇಡಲೇಬೇಕಿತ್ತು.

2ನೇ ಫಿಲಿಪ್ ರಾಜ ಧರ್ಮಯುದ್ಧಕ್ಕೆ ಹೊರಡುವ ಮುಂಚೆ, 1190ರಲ್ಲಿ, ಪ್ಯಾರಿಸ್ ಸುತ್ತ ಕಲ್ಲಿನ ಗೋಡೆ ಕಟ್ಟಲು ಆಜ್ಞೆ ಮಾಡಿದ. ಆ ಗೋಡೆ ಸಾಂ ದೆನಿ ಬೀದಿಯನ್ನು ದಾಟುತ್ತಿದ್ದದ್ದು ಈಗಿನ ಜಾಗದಲ್ಲಲ್ಲ, ಅಲ್ಲಿಂದ ಸಾಕಷ್ಟು ದಕ್ಷಿಣಕ್ಕೆ. ನೂರೈವತ್ತು ವರ್ಷದಲ್ಲಿ ಊರು ಆ ಗೋಡೆ ದಾಟಿ ಬೆಳೆಯಿತು. 1356ರಲ್ಲಿ ಪೊಯ್ತಿಯೇ ಎಂಬಲ್ಲಿ ಇಂಗ್ಲಿಷರ ಕೈಯಲ್ಲಿ ಫ್ರೆಂಚ್ ಸೈನ್ಯ ಸೋತು, ರಾಜನೇ ಸೆರೆ ಸಿಕ್ಕಿಬಿದ್ದ. ಪ್ಯಾರಿಸ್ ಹೆದರಿತು. ಆಗ ಊರಿನ ವರ್ತಕರ ಮುಖಂಡ ಏತಿಯೆನ್ ಮಾರ್ಸೆಲ್ ನದಿಯ ಉತ್ತರ ದಂಡೆಯಲ್ಲಿ ಹೊಸ ಕೋಟೆಯ ಕೆಲಸಕ್ಕೆ ಕೈಹಾಕಿದ. ಮುಂದೆ 5ನೇ ಚಾರ್ಲ್ಸ್ ಅದನ್ನು ದೊಡ್ಡ ಪ್ರಮಾಣದಲ್ಲಿ ಮುಂದುವರಿಸಿದ. ಸಾಂ ದೆನಿ ಬಾಗಿಲು ಈಗಿನ ಜಾಗದ ಹತ್ತಿರಕ್ಕೆ ಬಂದದ್ದು ಆಗ.

ಆ ಕಾಲದ ಬಾಗಿಲು ಅಂದರೆ ಬರೀ ಕಮಾನಲ್ಲ. ಅದೊಂದು ಚಿಕ್ಕ ಕೋಟೆ. ಮೂಲೆಗಳಲ್ಲಿ ಬುರುಜು, ಮುಂದೆ ಕಂದಕ, ಕಂದಕದ ಮೇಲೆ ಎತ್ತಿ ಇಳಿಸುವ ಸೇತುವೆ. ಇದೇ ಗೋಡೆಯ ಪೂರ್ವ ತುದಿಯಲ್ಲಿ, ಸಾಂತಾಂತ್ವಾನ್ ಬಾಗಿಲನ್ನು ಕಾಯಲು, 1370ರಲ್ಲಿ ಒಂದು ಭಾರಿ ಕಟ್ಟಡಕ್ಕೆ ಅಡಿಪಾಯ ಹಾಕಿದರು. ಶಾಲೆಯ ಇತಿಹಾಸದಲ್ಲಿ ನಾವೆಲ್ಲ ಓದಿದ ಬ್ಯಾಸ್ಟಿಲ್ ಕೋಟೆ ಅದೇ. ಸೆರೆಮನೆ ಅನ್ನಿಸಿಕೊಂಡದ್ದು ಆಮೇಲೆ. ಹುಟ್ಟುವಾಗ ಅದು ಊರಬಾಗಿಲಿನ ಕಾವಲು ಕೋಟೆ.

ಬಾಗಿಲಿನಲ್ಲಿ ನಡೆಯುತ್ತಿದ್ದ ಕೆಲಸಗಳು ಹಲವು. ರಾತ್ರಿ ಮುಚ್ಚುವುದು, ಬೆಳಗ್ಗೆ ತೆರೆಯುವುದು, ಬಂದವರು ಯಾರು ಅಂತ ನೋಡುವುದು, ಸರಕಿಗೆ ಸುಂಕ ವಸೂಲಿ ಮಾಡುವುದು. ಇವುಗಳ ಜೊತೆ ಇನ್ನೊಂದು ಕೆಲಸವೂ ಇತ್ತು. ರಾಜನಿಗೂ ಊರಿಗೂ ನಡುವಿನ ಮಾತುಕತೆ ನಡೆಯುತ್ತಿದ್ದ ಜಾಗ ಅದು. ರಾಜ ಹೊಸ್ತಿಲಲ್ಲಿ ನಿಲ್ಲುತ್ತಿದ್ದ. ಊರಿನ ಹಿರಿಯರು ಎದುರುಗೊಳ್ಳುತ್ತಿದ್ದರು. ಊರು ತನ್ನ ಬಾಗಿಲನ್ನು ತಾನಾಗಿ ತೆರೆಯುತ್ತಿತ್ತು. ಈ ತೆರೆಯುವಿಕೆಗೆ ದೊಡ್ಡ ಅರ್ಥವಿತ್ತು. ಯಾಕೆಂದರೆ ಮುಚ್ಚುವ ಶಕ್ತಿಯೂ ಊರಿಗಿತ್ತು.

1389ರ ಆಗಸ್ಟ್‌ನಲ್ಲಿ 6ನೇ ಚಾರ್ಲ್ಸ್‌ನ ರಾಣಿ ಇಸಾಬೊ ಈ ದಾರಿಯಲ್ಲಿ ಪ್ಯಾರಿಸ್ ಪ್ರವೇಶಿಸಿದ ವರ್ಣನೆ ಉಳಿದುಬಂದಿದೆ. ಹೊರಬಾಗಿಲಿನಲ್ಲಿ ನಕ್ಷತ್ರ ತುಂಬಿದ ಆಕಾಶವನ್ನೇ ಕಟ್ಟಿ, ಅದರಲ್ಲಿ ದೇವದೂತರ ವೇಷದ ಮಕ್ಕಳನ್ನು ಕೂರಿಸಿದ್ದರು. ಬೀದಿಯ ಕಾರಂಜಿಯಲ್ಲಿ ನೀರಿನ ಬದಲು ಮಸಾಲೆ ಹಾಕಿದ ವೈನು ಹರಿಯುತ್ತಿತ್ತು. ಒಳಗಿನ ಹಳೇ ಬಾಗಿಲಿನ ಹತ್ತಿರ ದೇವದೂತರ ವೇಷದವರು ಮೇಲಿನಿಂದ ಇಳಿದು ರಾಣಿಯ ತಲೆಗೆ ಕಿರೀಟ ಇಟ್ಟರು. ಇಷ್ಟೆಲ್ಲ ಖರ್ಚು ಸುಮ್ನೆ ಮಾಡಿದ್ದಲ್ಲ. ಊರು ತನ್ನ ನಿಷ್ಠೆಯನ್ನು ತೋರಿಸುತ್ತಿತ್ತು, ತನ್ನ ತೂಕವನ್ನೂ ತೋರಿಸುತ್ತಿತ್ತು.

ಬಾಗಿಲು ತೆರೆಯದೆ ಇದ್ದರೆ ಏನಾಗುತ್ತದೆ ಅನ್ನುವುದನ್ನು 4ನೇ ಹೆನ್ರಿ ರಾಜ ಚೆನ್ನಾಗಿ ಅನುಭವಿಸಿದ. ಅವನು ಪ್ರಾಟೆಸ್ಟೆಂಟ್. ಪ್ಯಾರಿಸ್ ಕಟ್ಟಾ ಕ್ಯಾಥೊಲಿಕ್. 1590ರಲ್ಲಿ ಅವನು ಹಾಕಿದ ಮುತ್ತಿಗೆಯಲ್ಲಿ ಜನ ಹಸಿವಿನಿಂದ ಸತ್ತರೇ ಹೊರತು ಬಾಗಿಲು ತೆರೆಯಲಿಲ್ಲ. ಕೊನೆಗೆ 1593ರಲ್ಲಿ ಅವನು ಕ್ಯಾಥೊಲಿಕ್ ಆದ. 1594ರ ಮಾರ್ಚ್ 22ರ ಬೆಳಗಿನ ಜಾವ ಒಳಗಿನವರೇ ಬಾಗಿಲು ತೆರೆದುಕೊಟ್ಟರು. ಊರಿನಲ್ಲಿ ಬೀಡುಬಿಟ್ಟಿದ್ದ ಸ್ಪೇನಿನ ಸೈನ್ಯ ಅದೇ ದಿನ ಸಾಂ ದೆನಿ ಬಾಗಿಲಿನಿಂದ ಹೊರಟುಹೋಯಿತು. ಬಾಗಿಲಿನ ಮೇಲಿನ ಕಿಟಕಿಯಲ್ಲಿ ನಿಂತು ಹೆನ್ರಿ ಅವರನ್ನು ಬೀಳ್ಕೊಟ್ಟ. ನಿಮ್ಮ ದೊರೆಗೆ ನನ್ನ ನಮಸ್ಕಾರ ತಿಳಿಸಿ, ಆದರೆ ಮತ್ತೆ ಈ ಕಡೆ ಬರಬೇಡಿ ಎಂದನಂತೆ. ಫ್ರಾನ್ಸಿನಲ್ಲಿ ಇವತ್ತಿಗೂ ನೆನೆಯುವ ಮಾತು ಇದು.

ಈ ಹೆನ್ರಿಯ ಮೊಮ್ಮಗನೇ 14ನೇ ಲೂಯಿ. ಗೋಡೆ ಕೆಡವಿಸಿದವನು ಅವನೇ.

ಪುಸ್ತಕಗಳಲ್ಲಿ ಸಾಮಾನ್ಯವಾಗಿ ಸಿಗುವ ವಿವರಣೆ ಇಷ್ಟು: ಫ್ರಾನ್ಸ್ ಬಲಶಾಲಿಯಾಗಿತ್ತು, ಶತ್ರುಗಳು ದೂರದಲ್ಲಿದ್ದರು, ಹಳೇ ಗೋಡೆ ಬೇಡವಾಗಿತ್ತು. ಇದು ನಿಜ. ಆದರೆ ಪೂರ್ತಿ ನಿಜ ಅಲ್ಲ ಅಂತ ನನಗೆ ಅನ್ನಿಸುತ್ತದೆ. ಲೂಯಿಯ ಬಾಲ್ಯವನ್ನು ಒಮ್ಮೆ ನೋಡಬೇಕು. 1648ರಲ್ಲಿ, ಅವನಿಗೆ ಹತ್ತು ವರ್ಷವೂ ತುಂಬದಿದ್ದಾಗ, ಪ್ಯಾರಿಸ್ ಜನ ಬೀದಿಗಳಿಗೆ ಅಡ್ಡಗಟ್ಟೆ ಹಾಕಿ ದಂಗೆ ಎದ್ದರು. 1649ರ ಜನವರಿಯ ಒಂದು ರಾತ್ರಿ ತಾಯಿಯ ಜೊತೆ ಅವನು ಗುಟ್ಟಾಗಿ ಊರು ಬಿಟ್ಟು ಹೋಗಬೇಕಾಯಿತು. 1651ರಲ್ಲಿ, ರಾಜ ಮತ್ತೆ ಓಡಿಹೋಗಿದ್ದಾನೆ ಎಂಬ ಸುದ್ದಿ ಹಬ್ಬಿ ಜನ ಅರಮನೆಗೆ ನುಗ್ಗಿದರು. ಹುಡುಗ ಹಾಸಿಗೆಯಲ್ಲಿ ಮಲಗಿರುವುದನ್ನು ಕಣ್ಣಾರೆ ನೋಡಿದ ಮೇಲೆಯೇ ಅವರು ಹೋದದ್ದು.

ಇನ್ನು 1652ರ ಜುಲೈ 2. ಅವತ್ತು ರಾಜನ ಸೈನ್ಯ ಬಂಡಾಯಗಾರ ರಾಜಕುಮಾರ ಕೋಂದೆಯನ್ನು ಪ್ಯಾರಿಸ್ ಗೋಡೆಯ ಹೊರಗೆ ಮೂಲೆಗೆ ಒತ್ತಿತ್ತು. ಇನ್ನೇನು ಕೋಂದೆ ಮುಗಿದ ಅನ್ನುವಾಗ ಸಾಂತಾಂತ್ವಾನ್ ಬಾಗಿಲು ತೆರೆದು ಅವನನ್ನು ಒಳಗೆ ಬಿಟ್ಟುಕೊಂಡಿತು. ಬೆನ್ನಿಗೇ ಬ್ಯಾಸ್ಟಿಲ್ ಮೇಲಿನ ಫಿರಂಗಿಗಳು ರಾಜನ ಸೈನ್ಯದ ಮೇಲೆ ಗುಂಡು ಹಾರಿಸಿದವು. ಎರಡನ್ನೂ ಮಾಡಿಸಿದವಳು ರಾಜನ ಸ್ವಂತ ಚಿಕ್ಕಪ್ಪನ ಮಗಳು. ಹದಿಮೂರು ವರ್ಷದ ಲೂಯಿ ಹತ್ತಿರದ ಷಾರೋನ್ ಗುಡ್ಡದ ಮೇಲೆ ನಿಂತು ಇದನ್ನೆಲ್ಲ ನೋಡಿದ. ತನ್ನದೇ ರಾಜಧಾನಿಯ ಗೋಡೆ ತನ್ನದೇ ಸೈನ್ಯಕ್ಕೆ ಬಾಗಿಲು ಮುಚ್ಚಿತ್ತು. ಇದನ್ನು ಅವನು ಮರೆತಿದ್ದ ಎಂದು ನಂಬುವುದು ಕಷ್ಟ.

1667ರಲ್ಲಿ ಅವನು ಪ್ಯಾರಿಸ್‌ಗೆ ಹೊಸ ಪೊಲೀಸ್ ಮುಖ್ಯಸ್ಥನ ಹುದ್ದೆ ಹುಟ್ಟುಹಾಕಿ ಲಾ ರೇನೀ ಎಂಬವನನ್ನು ನೇಮಿಸಿದ. ಬೀದಿಗಳಲ್ಲಿ ರಾತ್ರಿ ದೀಪ ಉರಿಯತೊಡಗಿತು. 1670ರಲ್ಲಿ ಗೋಡೆ ಕೆಡವುವ ನಿರ್ಧಾರ ಬಂತು. ಕಂದಕ ಮುಚ್ಚಿ, ಮಣ್ಣಿನ ದಿಬ್ಬ ತಗ್ಗಿಸಿ, ಮರಗಳ ಸಾಲು ನೆಟ್ಟು, ಅಗಲವಾದ ವಿಹಾರದ ದಾರಿ ಮಾಡಲು ಶುರುವಾಯಿತು. ಇವತ್ತು ಪ್ರವಾಸಿಗರು ಮೆಚ್ಚಿ ನಡೆಯುವ ಗ್ರಾಂ ಬುಲೆವಾರ್ ರಸ್ತೆಗಳು ಅವೇ. ಊರನ್ನು ಕಾಯುವ ಕೆಲಸ ಗೋಡೆಯಿಂದ ಪೊಲೀಸರಿಗೆ ಹೋಯಿತು. ದೇಶವನ್ನು ಕಾಯುವ ಕೆಲಸ ಉತ್ತರದ ಗಡಿಯ ಕೋಟೆಗಳಿಗೆ ಹೋಯಿತು. ಅಂದಮೇಲೆ ಊರು ಇನ್ನು ರಾಜನಿಗೆ ಬಾಗಿಲು ಮುಚ್ಚುವ ಹಾಗಿಲ್ಲ.

ಈ ಹೊತ್ತಿಗೆ ಹಳೇ ಬಾಗಿಲನ್ನು ಕೆಡವಿ, ಅಲ್ಲಿಂದ ಸ್ವಲ್ಪ ಉತ್ತರಕ್ಕೆ ಹೊಸದು ಕಟ್ಟುವ ಕೆಲಸ ಫ್ರಾಂಸ್ವಾ ಬ್ಲೊಂದೆಲ್‌ಗೆ ಬಂತು. ಖರ್ಚು ಪ್ಯಾರಿಸ್ ನಗರದ್ದು. ಬ್ಲೊಂದೆಲ್ ಮೊದಲು ಸೈನ್ಯದ ಎಂಜಿನಿಯರ್, ಗಣಿತ ಬಲ್ಲವನು, ಫಿರಂಗಿ ಗುಂಡು ಹಾರುವ ಲೆಕ್ಕದ ಮೇಲೂ ಪುಸ್ತಕ ಬರೆದವನು. 1671ರಲ್ಲಿ ಶುರುವಾದ ರಾಜನ ವಾಸ್ತುಶಿಲ್ಪ ಅಕಾಡೆಮಿಗೆ ಅವನೇ ಮುಖ್ಯಸ್ಥ. ಕಟ್ಟಡದ ಚೆಲುವು ಅಲಂಕಾರದಲ್ಲಿ ಇಲ್ಲ, ಅಳತೆಗಳ ಹೊಂದಾಣಿಕೆಯಲ್ಲಿದೆ ಎಂಬುದು ಅವನ ನಂಬಿಕೆ. ಅದನ್ನು ಈ ದ್ವಾರದಲ್ಲಿ ಕಣ್ಣಿಂದಲೇ ಓದಬಹುದು. ಎತ್ತರ ಎಷ್ಟೋ ಅಗಲವೂ ಹೆಚ್ಚುಕಮ್ಮಿ ಅಷ್ಟೇ. ಅಂದರೆ ಇಡೀ ಮುಖ ಒಂದು ಚೌಕ. ಆ ಚೌಕದ ಅಗಲದ ಮೂರನೇ ಒಂದು ಭಾಗ, ಸುಮಾರು 8 ಮೀಟರ್, ನಡುವಿನ ಕಮಾನಿಗೆ. ಉಳಿದ ಎರಡು ಭಾಗ ಎರಡು ಪಕ್ಕದ ದಪ್ಪ ಕಲ್ಲುಗೋಡೆಗಳಿಗೆ. ಕಮಾನಿನ ಎತ್ತರ ಸುಮಾರು 15 ಮೀಟರ್. ರೋಮ್‌ನ ವಿಜಯದ್ವಾರಗಳ ಮಾದರಿ ಅವನ ಮುಂದಿತ್ತು. ಆದರೆ ಅಲ್ಲಿ ಕಂಬಗಳಿರುವ ಕಡೆ ಇವನು ಗೋಡೆಗೆ ಅಂಟಿದ ಹಾಗೆ ಮೊನಚಾದ ಉದ್ದನೆಯ ಸ್ತಂಭಗಳನ್ನು ಇಟ್ಟ. ಅವುಗಳ ಮೇಲೆ ಗೆದ್ದ ಆಯುಧ, ಕವಚ, ಬಾವುಟಗಳ ಗೊಂಚಲುಗಳನ್ನು ಕೆತ್ತಿಸಿದ. ಸ್ತಂಭಗಳ ಪೀಠದಲ್ಲಿ ಕಾಲ್ನಡಿಗೆಯವರಿಗೆ ಎರಡು ಚಿಕ್ಕ ದಿಡ್ಡಿ ಬಾಗಿಲುಗಳಿವೆ. ಅಷ್ಟು ದೊಡ್ಡ ಕಟ್ಟಡದಲ್ಲಿ ಮನುಷ್ಯನ ಅಳತೆಗೆ ಇರುವುದು ಅವೆರಡೇ.

ಮೇಲೆ ಅಡ್ಡಪಟ್ಟಿಯಲ್ಲಿ ದೊಡ್ಡ ಅಕ್ಷರಗಳಲ್ಲಿ ಲ್ಯಾಟಿನ್ ಬರಹ: ಲುದೋವಿಕೋ ಮಾಗ್ನೋ. ಮಹಾನ್ ಲೂಯಿಗೆ ಅರ್ಪಣೆ, ಎಂದು. ಹಳೇ ಬಾಗಿಲು ಊರಿನದ್ದಾಗಿತ್ತು. ಹೊಸ ಬಾಗಿಲಿನ ತಲೆಯ ಮೇಲೆ ರಾಜನ ಹೆಸರು ಕೂತಿತು.

ಈಗ ಕೆತ್ತನೆಗಳಿಗೆ ಬರೋಣ. ಕೆತ್ತಿದವನು ಮಿಶೆಲ್ ಆಂಗಿಯೇ. ದಕ್ಷಿಣಕ್ಕೆ, ಊರಿನ ಕಡೆ ಇರುವ ಮುಖದಲ್ಲಿ ಲೂಯಿಯ ಸೈನ್ಯ ರೈನ್ ನದಿ ದಾಟುವ ದೃಶ್ಯ. ಉತ್ತರದ ಮುಖದಲ್ಲಿ ಮಾಸ್ಟ್ರಿಕ್ಟ್ ಕೋಟೆ ಶರಣಾಗುವ ದೃಶ್ಯ. ಎರಡೂ ಆಗಷ್ಟೇ ನಡೆಯುತ್ತಿದ್ದ ಯುದ್ಧದ ಘಟನೆಗಳು. 1672ರಲ್ಲಿ ಲೂಯಿ ಡಚ್ ಗಣರಾಜ್ಯದ ಮೇಲೆ ದಂಡೆತ್ತಿ ಹೋದ. ಜೂನ್ 12ರಂದು ಅವನ ಸೈನ್ಯ ರೈನ್ ನದಿ ದಾಟಿತು. ಎದುರು ದಡದಲ್ಲಿದ್ದದ್ದು ಚಿಕ್ಕ ಡಚ್ ಪಡೆ. ನದಿಯ ಬಹುಪಾಲು ಕುದುರೆಗಳು ನಡೆದೇ ದಾಟುವಷ್ಟು ಆಳವಿಲ್ಲದ್ದು. ಆದರೂ ಫ್ರೆಂಚ್ ಕವಿಗಳೂ ಚಿತ್ರಕಾರರೂ ಅದನ್ನು ಪುರಾಣದ ಘಟನೆಯ ಹಾಗೆ ಹಾಡಿದರು. ಮುಂದೆ ನೆಪೋಲಿಯನ್ ಇದನ್ನು ನಾಲ್ಕನೇ ದರ್ಜೆಯ ಕಾರ್ಯಾಚರಣೆ ಎಂದು ತಳ್ಳಿಹಾಕಿದ.

ದ್ವಾರದ ಲ್ಯಾಟಿನ್ ಬರಹದ ಪ್ರಕಾರ, ಅರವತ್ತು ದಿನ ತುಂಬುವ ಮುಂಚೆಯೇ ರಾಜ ರೈನ್, ವಾಲ್, ಮ್ಯೂಸ್, ಐಸೆಲ್ ನದಿಗಳನ್ನು ದಾಟಿದ. ಮೂರು ಪ್ರಾಂತ್ಯಗಳನ್ನು ಗೆದ್ದ. ಕೋಟೆ ಇರುವ ನಲವತ್ತು ಪಟ್ಟಣಗಳನ್ನು ಹಿಡಿದ. ಲೆಕ್ಕ ಸುಳ್ಳಲ್ಲ. ಆದರೆ ಕಲ್ಲಿನ ಮೇಲೆ ಬರೆಯದೆ ಬಿಟ್ಟದ್ದೂ ಇದೆ. ಫ್ರೆಂಚ್ ಸೈನ್ಯ ಆಮ್‌ಸ್ಟರ್‌ಡ್ಯಾಮ್ ಹತ್ತಿರ ಬರುತ್ತಿದ್ದ ಹಾಗೆ ಡಚ್ಚರು ತಮ್ಮ ಒಡ್ಡುಗಳನ್ನು ತೆರೆದರು. ಉತ್ತಿ ಬಿತ್ತಿದ ಹೊಲಗಳೆಲ್ಲ ನೀರಲ್ಲಿ ಮುಳುಗಿದವು. ನೀರು ದೋಣಿಗೆ ಸಾಲದು, ನಡೆಯಲು ಜಾಸ್ತಿ. ಜಗತ್ತಿನ ಅತಿ ದೊಡ್ಡ ಸೈನ್ಯಗಳಲ್ಲಿ ಒಂದು ಆ ನೀರಿನ ಮುಂದೆ ನಿಂತುಬಿಟ್ಟಿತು. 1674ರ ಹೊತ್ತಿಗೆ ಗೆದ್ದ ಆ ಮೂರು ಪ್ರಾಂತ್ಯಗಳನ್ನೂ ಫ್ರೆಂಚರು ಬಿಟ್ಟು ಬಂದಿದ್ದರು. 1678ರ ಒಪ್ಪಂದದಲ್ಲಿ ಮಾಸ್ಟ್ರಿಕ್ಟ್ ಕೂಡ ಡಚ್ಚರಿಗೆ ವಾಪಸ್ ಹೋಯಿತು. ಪ್ಯಾರಿಸ್‌ನ ಕಲ್ಲಿನ ಮೇಲೆ ಮಾತ್ರ ಆ ಗೆಲುವು ಹಾಗೇ ಉಳಿಯಿತು.

ದಕ್ಷಿಣದ ಮುಖದಲ್ಲಿ ಸ್ತಂಭಗಳ ಬುಡದಲ್ಲಿ ಎರಡು ದೊಡ್ಡ ಪ್ರತಿಮೆಗಳಿವೆ. ಒಂದು, ಗಟ್ಟಿಮುಟ್ಟಾದ ಗಂಡಸಿನ ರೂಪದಲ್ಲಿ ರೈನ್ ನದಿ. ಇನ್ನೊಂದು, ಸೋತು ಕುಗ್ಗಿ ಕೂತ ಹೆಂಗಸಿನ ರೂಪದಲ್ಲಿ ಹಾಲೆಂಡ್. ಇಡೀ ದ್ವಾರದಲ್ಲಿ ನನಗೆ ಅತ್ಯಂತ ನಿಜ ಅನ್ನಿಸುವುದು ಆ ಹೆಂಗಸು. ಮೇಲೆ ರಾಜ ಕುದುರೆಯ ಮೇಲೆ ಕೈ ಚಾಚಿ ಆಜ್ಞೆ ಕೊಡುತ್ತಿದ್ದಾನೆ. ಅದು ಎಲ್ಲ ರಾಜರ ಚಿತ್ರದಲ್ಲೂ ಇರುವ ಭಂಗಿ. ಕೆಳಗೆ ಕೂತವಳ ಮೈಯಲ್ಲಿ ಮಾತ್ರ ಯುದ್ಧದ ಭಾರ ಕಾಣುತ್ತದೆ. 1672ನ್ನು ಡಚ್ಚರು ಇಂದಿಗೂ ಕೇಡಿನ ವರ್ಷ ಎಂದೇ ಕರೆಯುತ್ತಾರೆ. ಆ ವರ್ಷದ ಆಗಸ್ಟ್‌ನಲ್ಲಿ ಭಯ, ಸಿಟ್ಟು ಹೆಚ್ಚಾಗಿ ಹೇಗ್ ಊರಿನ ಜನ ತಮ್ಮದೇ ನಾಯಕ ಯೋಹಾನ್ ದೆ ವಿಟ್‌ನನ್ನೂ ಅವನ ಅಣ್ಣನನ್ನೂ ಬೀದಿಯಲ್ಲಿ ಕೊಂದುಹಾಕಿದರು. ಆಂಗಿಯೇ ಗೆದ್ದವರ ಹಣದಲ್ಲಿ, ಗೆದ್ದವರಿಗಾಗಿ ಕೆತ್ತಿದ. ಆದರೂ ಸೋತವಳ ದುಃಖವನ್ನು ಅಷ್ಟು ಗಂಭೀರವಾಗಿ ಕೆತ್ತಿದ್ದು ದೊಡ್ಡತನ.

ಉತ್ತರದ ಮುಖದ ಮಾಸ್ಟ್ರಿಕ್ಟ್ ದೃಶ್ಯವನ್ನು ಅರ್ಥ ಮಾಡಿಕೊಂಡರೆ ಈ ದ್ವಾರದ ಇಡೀ ಕಥೆ ಅರ್ಥವಾಗುತ್ತದೆ. 1673ರ ಜೂನ್‌ನಲ್ಲಿ ಆ ಮುತ್ತಿಗೆಯನ್ನು ನಡೆಸಿದ ಎಂಜಿನಿಯರ್ ಸೆಬಾಸ್ಟಿಯನ್ ವೋಬಾನ್. ಅದಕ್ಕಿಂತ ಮುಂಚೆ ಮುತ್ತಿಗೆ ಹಾಕುವವರು ಕೋಟೆಯ ಕಡೆಗೆ ಅಂಕುಡೊಂಕಾದ ಕಿರಿದಾದ ಕಾಲುವೆಗಳನ್ನು ತೋಡುತ್ತಾ ಹೋಗುತ್ತಿದ್ದರು. ಅದರಲ್ಲಿ ಸೈನಿಕರು ಒಬ್ಬರ ಹಿಂದೆ ಒಬ್ಬರು ಮಾತ್ರ ಹೋಗಬಹುದು. ಒಳಗಿನವರು ದಿಢೀರನೆ ಹೊರಬಂದು ಎರಗಿದರೆ ತಡೆಯಲು ಜನ ಸಾಲದೆ ಕಾಲುವೆಯಲ್ಲೇ ಸಾಯುತ್ತಿದ್ದರು. ವೋಬಾನ್ ಮಾಸ್ಟ್ರಿಕ್ಟ್‌ನಲ್ಲಿ ಕೋಟೆಗೋಡೆಗೆ ಸಮಾನಾಂತರವಾಗಿ ಅಗಲವಾದ ಕಂದಕ ತೋಡಿಸಿದ. ಅದರಲ್ಲಿ ದೊಡ್ಡ ಪಡೆ ಸಾಲಾಗಿ ನಿಂತು ಕಾಯಬಹುದು. ಅಲ್ಲಿಂದ ಅಂಕುಡೊಂಕು ಕಾಲುವೆಯಲ್ಲಿ ಮುಂದೆ ಹೋಗಿ ಇನ್ನೊಂದು ಸಮಾನಾಂತರ ಕಂದಕ. ಹೀಗೆ ಹಂತ ಹಂತವಾಗಿ ಕೋಟೆಯ ಬುಡಕ್ಕೆ ಹೋಗುವುದು. ಕಂದಕ ತೋಡಲು ಶುರು ಮಾಡಿದ 13 ದಿನಕ್ಕೆ ಮಾಸ್ಟ್ರಿಕ್ಟ್ ಶರಣಾಯಿತು. ಆ 13 ದಿನದ ಲೆಕ್ಕವೂ ದ್ವಾರದ ಮೇಲೆ ಲ್ಯಾಟಿನ್‌ನಲ್ಲಿದೆ. ಕಥೆಗಳಿಂದ ಜಗತ್ತಿಗೆಲ್ಲ ಪರಿಚಿತನಾದ ದಾರ್ತಾನ್ಯಾಂ ಎಂಬ ಮಸ್ಕಿಟೀರ್ ಪಡೆಯ ನಾಯಕ ನಿಜವಾಗಿ ಬದುಕಿದ್ದವನು. ಸತ್ತದ್ದು ಇದೇ ಮುತ್ತಿಗೆಯಲ್ಲಿ, ಜೂನ್ 25ರಂದು.

ಈಗ ಎರಡನ್ನೂ ಜೋಡಿಸಿ ನೋಡಿ. ಪ್ಯಾರಿಸ್ ತನ್ನ ಕೋಟೆಗೋಡೆ ಕೆಡವಿದ ಜಾಗದಲ್ಲಿ, ಯುರೋಪಿನ ಬಲವಾದ ಕೋಟೆಗಳಲ್ಲೊಂದು ಎರಡೇ ವಾರದಲ್ಲಿ ಬಿದ್ದ ದೃಶ್ಯವನ್ನು ಕೆತ್ತಿ ನಿಲ್ಲಿಸಲಾಗಿದೆ. ಮಾಸ್ಟ್ರಿಕ್ಟ್‌ನಂಥ ಕೋಟೆಗೇ ಹೀಗಾದರೆ, 14ನೇ ಶತಮಾನದ ಮಣ್ಣುದಿಬ್ಬದ ಗೋಡೆ ಯಾರನ್ನು ಕಾಯುತ್ತದೆ? ಹಳೇ ಬಾಗಿಲು ಹೊರಗಿನವರಿಗೆ ನಿಲ್ಲಿ ಎನ್ನುತ್ತಿತ್ತು. ಹೊಸ ಬಾಗಿಲು, ಇಲ್ಲಿಗೆ ಯಾರೂ ಬರಲಾರರು, ನಾವೇ ಅವರಲ್ಲಿಗೆ ಹೋಗಿದ್ದೇವೆ ಎನ್ನುತ್ತದೆ. ಈ ದ್ವಾರಕ್ಕೆ ಗೋಡೆ ಇಲ್ಲದಿರುವುದೇ ಅದರ ಅರ್ಥ.

ಇದನ್ನು ಪೂರ್ತಿ ಒಪ್ಪದೆ ಇದ್ದವನು ಸ್ವತಃ ವೋಬಾನ್ ಎಂಬುದು ಗಮನಿಸಬೇಕಾದ ವಿಷಯ. ಕೋಟೆಗಳನ್ನು ಬೀಳಿಸುವುದರಲ್ಲೂ ಕಟ್ಟುವುದರಲ್ಲೂ ಅವನಷ್ಟು ಗೊತ್ತಿದ್ದವರು ಆಗ ಇರಲಿಲ್ಲ. ಉತ್ತರದ ಗಡಿಯಲ್ಲಿ ಎರಡು ಸಾಲು ಕೋಟೆಗಳನ್ನು ಬೆಳೆಸಿದವನೂ ಅವನೇ. ಅಂಥವನು 1689ರಲ್ಲಿ ಒಂದು ಟಿಪ್ಪಣಿ ಬರೆದು, ಫ್ರಾನ್ಸಿಗೆ ಪ್ಯಾರಿಸ್ ಎಷ್ಟು ಮುಖ್ಯವೆಂದರೆ ಅದಕ್ಕೆ ಮತ್ತೆ ಕೋಟೆ ಕಟ್ಟಬೇಕು ಎಂದು ವಾದಿಸಿದ. ಅವನ ಮಾತು ನಡೆಯಲಿಲ್ಲ.

ಲೂಯಿ 1715ರ ಸೆಪ್ಟೆಂಬರ್ 1ರಂದು ವರ್ಸಾಯಿಯಲ್ಲಿ ಸತ್ತ. ಅವನ ದೇಹವನ್ನು ಸಾಂ ದೆನಿಯ ಚರ್ಚಿಗೆ ಒಯ್ಯಬೇಕಿತ್ತು. ಹಳೇ ಪದ್ಧತಿಯ ಪ್ರಕಾರ ಪ್ಯಾರಿಸ್ ಹಾದು ಸಾಂ ದೆನಿ ಬೀದಿಯಲ್ಲೇ ಹೋಗಬಹುದಿತ್ತು. ಆದರೆ ಮೆರವಣಿಗೆ ಊರನ್ನು ತಪ್ಪಿಸಿ, ಬುಲೋನ್ ಕಾಡಿನ ಕಡೆಯಿಂದ ಬಳಸಿಕೊಂಡು ಹೋಯಿತು. ಯುದ್ಧ, ತೆರಿಗೆ, ಹಸಿವುಗಳಿಂದ ಬಸವಳಿದ ಜನ ದಾರಿ ಬದಿಯಲ್ಲಿ ಕುಡಿದು ಹಾಡುತ್ತಿದ್ದರೆಂದು ಆ ಕಾಲದವರು ಬರೆದಿದ್ದಾರೆ.

ಇನ್ನು ಈ ದ್ವಾರ ಉಳಿದದ್ದು ಹೇಗೆ ಅನ್ನುವುದು. ಬ್ಲೊಂದೆಲ್ ಇದೇ ಕಾಲದಲ್ಲಿ ಸಾಂತಾಂತ್ವಾನ್ ಮತ್ತು ಸಾಂ ಬೆರ್ನಾರ್ ಬಾಗಿಲುಗಳನ್ನೂ ಹೊಸದಾಗಿ ರೂಪಿಸಿದ್ದ. ಎರಡನ್ನೂ 18ನೇ ಶತಮಾನದ ಕೊನೆಯ ಭಾಗದಲ್ಲಿ ಕೆಡವಿಬಿಟ್ಟರು. ಗಾಡಿಗಳ ಓಡಾಟಕ್ಕೆ ಹಳೇ ಬಾಗಿಲು ಅಡ್ಡ ಅಂದರೆ ಸಾಕು, ಆಗ ಉಳಿಸಬೇಕು ಅನ್ನುವವರು ಕಮ್ಮಿ. ಪೋರ್ಟ್ ಸಾಂ ದೆನಿಯ ಅಗಲವಾದ ಕಮಾನು ಗಾಡಿಗಳಿಗೆ ತೊಂದರೆ ಕೊಡಲಿಲ್ಲ. ಇನ್ನೂರು ಮೀಟರ್ ಆಚೆ, ಬ್ಲೊಂದೆಲ್‌ನ ಶಿಷ್ಯ ಪಿಯೆರ್ ಬ್ಯೂಲೆ 1674ರಲ್ಲಿ ಕಟ್ಟಿದ ಪೋರ್ಟ್ ಸಾಂ ಮಾರ್ತಾಂ ಕೂಡ ಉಳಿಯಿತು. ಅದು ಸ್ವಲ್ಪ ಗಿಡ್ಡ, ಮೂರು ಕಮಾನಿನದು. ಈಗ ಎರಡೂ ಸರ್ಕಾರದ ರಕ್ಷಣೆಯಲ್ಲಿರುವ ಸ್ಮಾರಕಗಳು. 50 ಮೀಟರ್ ಎತ್ತರದ ಆರ್ಕ್ ದ ತ್ರಿಯೋಂಫ್ ಮುಂದೆ ಇವು ಚಿಕ್ಕವು, ನಿಜ. ಆದರೆ ಅದಕ್ಕೆ ಅಡಿಪಾಯ ಬಿದ್ದದ್ದು 1806ರಲ್ಲಿ. ವಿಜಯದ್ವಾರ ಕಟ್ಟುವ ರೂಢಿ ಪ್ಯಾರಿಸ್‌ಗೆ ಆಗಲೇ ಹಳೆಯದು.

19ನೇ ಶತಮಾನದಲ್ಲಿ ಈ ದ್ವಾರಕ್ಕೆ ಯಾರೂ ಯೋಚಿಸದ ಒಂದು ಕೆಲಸ ಬಂತು. 1830ರ ಜುಲೈನಲ್ಲಿ 10ನೇ ಚಾರ್ಲ್ಸ್ ಪತ್ರಿಕೆಗಳ ಬಾಯಿ ಮುಚ್ಚಿಸುವ, ಮತದಾನದ ಹಕ್ಕು ಕಿತ್ತುಕೊಳ್ಳುವ ಆಜ್ಞೆಗಳನ್ನು ಹೊರಡಿಸಿದಾಗ ಪ್ಯಾರಿಸ್ ಬೀದಿಗಿಳಿಯಿತು. ಜುಲೈ 28ರಂದು ಜನರಿಗೂ ಸೈನ್ಯಕ್ಕೂ ಈ ದ್ವಾರದ ಹತ್ತಿರ ಕಾದಾಟ ನಡೆಯಿತು. ಮೂರು ದಿನದಲ್ಲಿ ರಾಜನ ಆಟ ಮುಗಿಯಿತು.

1848 ಇನ್ನೂ ಕಷ್ಟದ ವರ್ಷ. ಫೆಬ್ರವರಿಯಲ್ಲಿ ಗಣರಾಜ್ಯ ಬಂದಿತ್ತು. ಕೆಲಸ ಇಲ್ಲದವರಿಗೆ ಸರ್ಕಾರವೇ ಕೆಲಸ ಕೊಡುವ ರಾಷ್ಟ್ರೀಯ ಕಾರ್ಯಾಗಾರಗಳು ಶುರುವಾಗಿದ್ದವು. ಜೂನ್‌ನಲ್ಲಿ ಅವನ್ನು ಮುಚ್ಚಲು ಸರ್ಕಾರ ಹೊರಟಿತು. ಸಾವಿರಾರು ಮನೆಗಳ ಅನ್ನ ನಿಲ್ಲುವ ವಿಷಯ ಅದು. ಜೂನ್ 23ರಂದು ಪೂರ್ವ ಪ್ಯಾರಿಸ್ ತುಂಬ ಅಡ್ಡಗಟ್ಟೆಗಳು ಎದ್ದವು. ಮೊದಲ ದೊಡ್ಡ ಘರ್ಷಣೆ ನಡೆದದ್ದು ಪೋರ್ಟ್ ಸಾಂ ದೆನಿ ಹತ್ತಿರದ ಅಡ್ಡಗಟ್ಟೆಯಲ್ಲಿ. ನ್ಯಾಷನಲ್ ಗಾರ್ಡ್ ಪಡೆ ಗುಂಡು ಹಾರಿಸಿತು. ಅಡ್ಡಗಟ್ಟೆಯ ಮೇಲೆ ಬಾವುಟ ಹಿಡಿದು ನಿಂತ ಒಬ್ಬ ಹೆಂಗಸು ಗುಂಡಿಗೆ ಬಿದ್ದಳು. ಅವಳ ಜಾಗಕ್ಕೆ ಬಂದ ಇನ್ನೊಬ್ಬಳೂ ಬಿದ್ದಳು. ನಾಲ್ಕು ದಿನದಲ್ಲಿ ಜನರಲ್ ಕವೆನ್ಯಾಕ್‌ನ ಸೈನ್ಯ ಆ ದಂಗೆಯನ್ನು ರಕ್ತದಲ್ಲಿ ಅಡಗಿಸಿತು.

ಇದನ್ನು ಓದುವಾಗ ನನಗೆ ಮತ್ತೆ ಮತ್ತೆ ಕಾಡುವುದು ಒಂದೇ. ಪ್ಯಾರಿಸ್ ಇನ್ನೆಂದೂ ಅರಸನಿಗೆ ಅಡ್ಡ ನಿಲ್ಲಬಾರದು ಅಂತ ಗೋಡೆ ಕೆಡವಿದ ಜಾಗ ಇದು. ಅಲ್ಲಿಯೇ ಜನ ಮೇಜು, ಗಾಡಿ, ನೆಲಹಾಸಿನ ಕಲ್ಲು ಒಟ್ಟಿ ತಮ್ಮದೇ ಗೋಡೆ ಎಬ್ಬಿಸಿದರು. ಬೀದಿ ಇಲ್ಲಿ ಕಿರಿದಾಗುತ್ತದೆ, ಎರಡು ದೊಡ್ಡ ದಾರಿಗಳು ಸೇರುತ್ತವೆ, ಬೆನ್ನಿಗೆ ಗಟ್ಟಿಯಾದ ಕಲ್ಲಿದೆ. ಊರನ್ನು ಕಾಯಲು 14ನೇ ಶತಮಾನದಲ್ಲಿ ಯಾವ ಜಾಗ ಸರಿ ಅನ್ನಿಸಿತ್ತೋ ಅದೇ ಜಾಗ 19ನೇ ಶತಮಾನದಲ್ಲೂ ಸರಿ ಅನ್ನಿಸಿತು.

ಇತ್ತ ಪ್ಯಾರಿಸ್‌ನ ಗೋಡೆಗಳ ಕಥೆ ನಿಂತಿರಲಿಲ್ಲ. 1784ರಿಂದ ಊರಿನ ಸುತ್ತ ಮತ್ತೊಂದು ಗೋಡೆ ಎದ್ದಿತು. ಅದು ಯುದ್ಧಕ್ಕಲ್ಲ, ಸುಂಕಕ್ಕೆ. ಸುಮಾರು 24 ಕಿಲೋಮೀಟರ್ ಉದ್ದ. ಒಳಗೆ ಬರುವ ವೈನು, ಮಾಂಸ, ಸೌದೆ ಎಲ್ಲಕ್ಕೂ ಸುಂಕದ ಕಟ್ಟೆಯಲ್ಲಿ ಹಣ ಕೊಡಬೇಕಿತ್ತು. ಜನ ಅದನ್ನು ಎಷ್ಟು ದ್ವೇಷಿಸಿದರೆಂದರೆ, 1789ರಲ್ಲಿ ಬ್ಯಾಸ್ಟಿಲ್ ಮೇಲೆ ನುಗ್ಗುವ ಒಂದೆರಡು ದಿನ ಮುಂಚೆಯೇ ಈ ಸುಂಕದ ಕಟ್ಟೆಗಳಿಗೆ ಬೆಂಕಿ ಹಚ್ಚಿದರು. ಆಮೇಲೆ 1841ರಿಂದ 1844ರವರೆಗೆ, ಇನ್ನೂ ಹೊರಗೆ, ಸುಮಾರು 33 ಕಿಲೋಮೀಟರ್ ಉದ್ದದ ನಿಜವಾದ ಕೋಟೆಗೋಡೆ ಕಟ್ಟಿದರು. ವೋಬಾನ್ ಕೇಳಿದ್ದು ಒಂದೂವರೆ ಶತಮಾನ ತಡವಾಗಿ ಸಿಕ್ಕಿತು. 1919ರಿಂದ ಅದನ್ನೂ ಕೆಡವಿದರು. ಇವತ್ತು ಪ್ಯಾರಿಸ್ ಸುತ್ತುವ ಪೆರಿಫೆರಿಕ್ ಎಂಬ ರಿಂಗ್ ರೋಡ್ ಹೆಚ್ಚುಕಮ್ಮಿ ಆ ಗೆರೆಯಲ್ಲೇ ಇದೆ. ಅದು ಪೂರ್ತಿಯಾದದ್ದು 1973ರಲ್ಲಿ. ಊರು ಮರದ ಕಾಂಡದ ಹಾಗೆ ಸುತ್ತು ಸುತ್ತಾಗಿ ಬೆಳೆದಿದೆ. ಪೋರ್ಟ್ ಸಾಂ ದೆನಿ ಇರುವುದು ಒಳಗಿನ ಒಂದು ಸುತ್ತಿನ ಮೇಲೆ.

ಸಾಂ ದೆನಿ ಬೀದಿಯ ರಾಜವೈಭವ ಮುಗಿದದ್ದು ಮಾತ್ರ ಗೋಡೆಗಳಿಂದಲ್ಲ, ರಸ್ತೆಯಿಂದ. 1850ರ ದಶಕದಲ್ಲಿ ಪ್ಯಾರಿಸ್ ಆಡಳಿತಾಧಿಕಾರಿ ಹೌಸ್ಮನ್ ಊರನ್ನು ಸೀಳಿ ಅಗಲವಾದ ರಸ್ತೆಗಳನ್ನು ತೆರೆದಾಗ, ಎರಡು ದ್ವಾರಗಳ ನಡುವೆ ಹಾದುಹೋಗುವ ಹೊಸ ಉತ್ತರ-ದಕ್ಷಿಣ ರಸ್ತೆ ಬಂತು. ಅದರ ದಕ್ಷಿಣ ಭಾಗವಾದ ಸೆಬಾಸ್ತೊಪೋಲ್ ಬುಲೆವಾರ್ 1858ರಲ್ಲಿ ಉದ್ಘಾಟನೆಯಾಯಿತು. ದೊಡ್ಡ ಓಡಾಟವೆಲ್ಲ ಆ ಕಡೆ ಹೋಯಿತು. ಹಳೇ ಬೀದಿ ಸಣ್ಣ ವ್ಯಾಪಾರಿಗಳ, ಬಟ್ಟೆ ಹೊಲಿಯುವವರ, ಹೊಸದಾಗಿ ಬಂದ ವಲಸಿಗರ ಬೀದಿಯಾಯಿತು. ದ್ವಾರದಿಂದ ಉತ್ತರಕ್ಕೆ ಸ್ವಲ್ಪ ನಡೆದರೆ ಸಿಗುವ ಪಾಸಾಜ್ ಬ್ರಾದಿ ಎಂಬ ಗಾಜಿನ ಚಾವಣಿಯ ಓಣಿಯಲ್ಲಿ ಈಗ ಭಾರತ, ಪಾಕಿಸ್ತಾನದ ಊಟದ ಹೋಟೆಲುಗಳಿವೆ.

ಪ್ಯಾರಿಸ್‌ಗೆ ಹೋಗುವವರಿಗೆ ಒಂದು ಮಾತು. ಸ್ಟ್ರಾಸ್ಬೂರ್ ಸಾಂ ದೆನಿ ಮೆಟ್ರೋ ನಿಲ್ದಾಣಕ್ಕೆ 4, 8, 9ನೇ ಲೈನ್‌ಗಳು ಬರುತ್ತವೆ. ಮೊದಲು ದಕ್ಷಿಣದ ಮುಖ ನೋಡಿ, ಹಾಲೆಂಡ್ ಹೆಂಗಸಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಆಮೇಲೆ ದ್ವಾರವನ್ನು ಬಿಟ್ಟು ಸುತ್ತಲ ಬೀದಿಗಳನ್ನು ಗಮನಿಸಿ. ಕಾಣೆಯಾದ ಗೋಡೆ ಅಲ್ಲಿ ಸಿಗುತ್ತದೆ. ಹತ್ತಿರದಿಂದ ನೈಋತ್ಯಕ್ಕೆ ಓರೆಯಾಗಿ ಹೋಗುವ ಅಬುಕೀರ್ ಬೀದಿ, 5ನೇ ಚಾರ್ಲ್ಸ್‌ನ ಗೋಡೆ ಹೋಗುತ್ತಿದ್ದ ಗೆರೆ. ಅದರ ಪಕ್ಕದಲ್ಲೇ ಓರೆಯಾಗಿರುವ ಕ್ಲೆರಿ ಬೀದಿ ಕಂದಕದ ಹೊರ ಅಂಚು. ನೇರ ಪಶ್ಚಿಮಕ್ಕೆ ಹೋಗುವ ಬುಲೆವಾರ್, 13ನೇ ಲೂಯಿಯ ಕಾಲದಲ್ಲಿ ಊರನ್ನು ಆ ಕಡೆಗೆ ಹಿಗ್ಗಿಸಿ ಕಟ್ಟಿದ ಗೋಡೆಯ ಗೆರೆ. ಎರಡು ಕಾಲದ ಎರಡು ಗೋಡೆಗಳು ಬೇರೆಯಾಗುತ್ತಿದ್ದದ್ದು ಈ ಬಾಗಿಲಿನ ಹತ್ತಿರವೇ. ಪೂರ್ವಕ್ಕೆ ಸಾಂ ಮಾರ್ತಾಂ ಬುಲೆವಾರ್ ಕಡೆ ನಡೆದರೆ ಕೆಲವು ಕಡೆ ಫುಟ್‌ಪಾತ್ ರಸ್ತೆಗಿಂತ ಮೆಟ್ಟಿಲು ಹತ್ತುವಷ್ಟು ಎತ್ತರದಲ್ಲಿದೆ. ಗಾಡಿಗಳಿಗಾಗಿ ರಸ್ತೆಯನ್ನು ಮಾತ್ರ ತಗ್ಗಿಸಿ, ಪಕ್ಕದ ನೆಲವನ್ನು ಹಾಗೇ ಬಿಟ್ಟಿದ್ದಾರೆ. ಕಾಲ ಕೆಳಗಿರುವುದು ಹಳೇ ಕೋಟೆಯ ಮಣ್ಣುದಿಬ್ಬ.